ಮುಚ್ಚಳದ ಅಂಚಿನ ಮೂರು ಕಚ್ಚು

'ಸಾಂತಾ ರೋಸಾ' ದೋಣಿ ಮರಳಿ ಬರುವುದಿಲ್ಲವೆಂದು ನಮಗೆ ತಿಳಿದದ್ದು ಜುಲೈ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ನಾನು ದೇವಾಲಯದಲ್ಲಿ ಮೇಣದಬತ್ತಿಯ ಕಂಬಗಳ ಕೆಳಗೆ ಸೋರಿ ಗಟ್ಟಿಯಾಗಿದ್ದ ಮೇಣವನ್ನು ಕೆರೆಯುತ್ತಿದ್ದೆ. ಸ್ಟಾನ್ಲಿ ಪಾಸ್ಕಲ್ ಒಳಗೆ ಬಂದ. ಅವನು ನಲವತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಗಾಳ ಹಾಕಿದವನು. ದೇವಾಲಯದ ಹೊಸ್ತಿಲು ದಾಟುವಾಗ ಟೊಪ್ಪಿ ತೆಗೆಯುವುದನ್ನು ಎಂದೂ ಮರೆತವನಲ್ಲ. ಅಂದು ಟೊಪ್ಪಿ ತಲೆಯ ಮೇಲೆಯೇ ಇತ್ತು. ಅದನ್ನು ನೋಡಿ ನನ್ನ ಕೈ ನಿಂತುಹೋಯಿತು.

"ಆಂಬ್ರೋಸ್, ಕೂತ್ಕೊ," ಎಂದ.

"ನಿಂತೇ ಕೇಳ್ತೀನಿ. ಹೇಳು."

"ಕೇಪ್ ಪಾಯಿಂಟ್ ಆಚೆ ದೋಣಿ ಮಗುಚಿದೆ. ಆರು ಜನರಲ್ಲಿ ಐದು ಜನ ಸಿಕ್ಕಿದಾರೆ. ಮೂವರು ಬದುಕಿದಾರೆ, ಇಬ್ಬರು ಇಲ್ಲ."

"ಲೆಸ್ಟರ್ ಯಾವ ಕಡೆ?"

"ಯಾವ ಕಡೆಗೂ ಇಲ್ಲ ಕಣೋ. ಅವನೊಬ್ಬ ಸಿಕ್ಕಿಲ್ಲ."

ಲೆಸ್ಟರ್ ನಮ್ಮ ಒಬ್ಬನೇ ಮಗ. ಮೂವತ್ತೊಂದು ವರ್ಷ. ಸ್ನೂಕ್ ಮೀನಿನ ಕಾಲ ಮುಗಿಯಲಿ, ಆಮೇಲೆ ಮದುವೆಯ ಮಾತು ಎಂದು ಎರಡು ವರ್ಷದಿಂದ ಹೇಳುತ್ತ ಬಂದಿದ್ದ.

ಬೆಸ್ತರ ವಸತಿಯ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ನನ್ನ ಹೆಂಡತಿ ವೆರೋನಿಕಾಳಿಗೆ ಸುದ್ದಿ ಮುಟ್ಟಿತ್ತು. ಅವಳು ಅಳುತ್ತಿರಲಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಬಂದರಿನ ಬಾಯಿಯನ್ನು ನೋಡುತ್ತ ಕುಳಿತಿದ್ದಳು. ಅದೇ ಹೊತ್ತಿಗೆ ಕಪಾಟಿನ ಮೇಲೆ ಲೆಸ್ಟರನ ಫೋನು ಬಡಿದುಕೊಂಡಿತು. ಉಪ್ಪುನೀರು ತಗಲಿ ಹಾಳಾಗುತ್ತದೆಂದು ಅವನು ಅದನ್ನು ಕಡಲಿಗೆ ಒಯ್ಯುತ್ತಿರಲಿಲ್ಲ. ಅವನೇ ಎಲ್ಲಿಂದಲೋ ಕರೆಯುತ್ತಿದ್ದಾನೆ ಎಂಬ ಹುಚ್ಚು ಆಸೆಯಿಂದ ನಾನು ಅದನ್ನು ಎತ್ತಿಕೊಂಡೆ.

"ಮಿಸ್ಟರ್ ಲೆಸ್ಟರ್ ಫ್ಲೋರೆಸ್ ಅವರಾ?" ಎಂದು ಒಬ್ಬ ಹುಡುಗಿ ಕೇಳಿದಳು. "ನಿಮ್ಮ ಇದ್ದಿಲ ಒಲೆಯ ಮುಚ್ಚಳ ಪರೀಕ್ಷೆ ಮಾಡಿದೀವಿ ಸರ್. ತುಕ್ಕು ಹಿಡಿದಿರೋದಕ್ಕೆ ವಾರಂಟಿ ಒಪ್ಪಿಗೆಯಾಗಿದೆ. ಹೊಸ ಮುಚ್ಚಳ ಈ ವಾರವೇ ಕಳಿಸ್ತೀವಿ. ಹಳೇದನ್ನ ನಮ್ಮ ನಿಯಮದ ಪ್ರಕಾರ ಗುಜರಿಗೆ ಹಾಕ್ತೀವಿ. ಸರೀನಾ ಸರ್?"

"ಸರಿ," ಎಂದೆ.

ಮಾತು ಮುಗಿದರೆ ಸಾಕೆಂದು ಹೇಳಿದ ಒಂದು ಶಬ್ದ. ನನ್ನ ದನಿಯೂ ನನ್ನ ಮಗನ ದನಿಯೂ ಒಂದೇ ಎಂದು ಊರೆಲ್ಲ ಹೇಳುತ್ತಿತ್ತು. ಆ ಹುಡುಗಿ ಅದನ್ನು ಅವನ ಒಪ್ಪಿಗೆಯೆಂದೇ ಬರೆದುಕೊಂಡಳು.

ಆ ಒಲೆಯ ವಿಷಯ ಹೇಳಬೇಕು. ನಮ್ಮ ಬೆಸ್ತರ ಊರಾದ ಕಾಕ್ ಬೇಯಲ್ಲಿ ಕೆಂಡದ ಮೇಲೆ ಮೀನು ಸುಡಲು ಯಾರೂ ಅಂಗಡಿಯ ಒಲೆ ಕೊಳ್ಳುವುದಿಲ್ಲ. ಎಣ್ಣೆಯ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕಾಲು ಬೆಸೆದರೆ ಮುಗಿಯಿತು. ನಮ್ಮ ಮನೆಯದೂ ಅಂಥದೇ. ಎರಡು ವರ್ಷಕ್ಕೊಮ್ಮೆ ಅದರ ತಳ ಉದುರುತ್ತಿತ್ತು, ನಾವು ಇನ್ನೊಂದು ಪೀಪಾಯಿ ಸೀಳುತ್ತಿದ್ದೆವು. ಕಳೆದ ವರ್ಷ ಒಳ್ಳೆಯ ಮೀನು ಬಿದ್ದ ಮೇಲೆ ಲೆಸ್ಟರ್ ಹೊರದೇಶದಿಂದ ಬಂದ ಕರಿಯ ದುಂಡನೆಯ ಒಲೆಯೊಂದನ್ನು ತಂದು ಕೆಳಗಿನ ಅಂಗಳದಲ್ಲಿ ಇಳಿಸಿದ. ವಸತಿಯವರೆಲ್ಲ ಬಟ್ಟೆ ಒಣಹಾಕುವುದನ್ನು ಬಿಟ್ಟು ಬಗ್ಗಿ ನೋಡಿದರು.

"ಏನೋ ಇದು, ಮದುವೆ ಹೆಣ್ಣಾ? ಇಷ್ಟು ಹೊದಿಸಿ ತಂದಿದೀಯ," ಎಂದು ಸ್ಟಾನ್ಲಿ ಕೂಗಿದ.

"ಮುಟ್ಟಬೇಡಿ ಅಂಕಲ್. ನಿಮ್ಮ ಕೈ ಮಸಿ ಇದಕ್ಕೆ ಹತ್ತುತ್ತೆ."

"ಒಲೆಗೆ ಮಸಿ ಹತ್ತುತ್ತೆ ಅಂತಾನಲ್ಲ ಇವನು. ಆಂಬ್ರೋಸ್, ನಿನ್ನ ಮಗ ಕೆಟ್ಟ."

ಲೆಸ್ಟರ್ ನನ್ನ ಕೈಹಿಡಿದು ಹತ್ತಿರ ಕರೆದ. "ಅಪ್ಪಾ, ಒಂದೇ ಬೆರಳಿನಿಂದ ಮುಚ್ಚಳ ಎತ್ತಿ ನೋಡು."

ಎತ್ತಿದೆ. ಒಂದು ಮಗುವಿನಷ್ಟು ಭಾರದ ಮುಚ್ಚಳ ತಿರುಗಣಿಯ ಮೇಲೆ ಸದ್ದಿಲ್ಲದೆ ಏರಿ, ಬಿಟ್ಟ ಕಡೆಯೇ ನಿಂತಿತು. ಉಕ್ಕಿನ ತಗಡು ದಪ್ಪವಾಗಿತ್ತು. ಒಳಗೂ ಹೊರಗೂ ಗಾಜಿನಂತೆ ಹೊಳೆಯುವ ಲೇಪ ಒಂದು ಕಡೆಯೂ ತೆಳ್ಳಗಿರಲಿಲ್ಲ. ಬೆಸುಗೆಯನ್ನು ಉಗುರಿನಿಂದ ಸವರಿ ನೋಡಿದೆ, ಉಗುರು ಎಲ್ಲೂ ತಡೆಯಲಿಲ್ಲ. ಮಾಡಿದವನು ಮನಸ್ಸಿಟ್ಟು ಮಾಡಿದ್ದ. ಅಷ್ಟನ್ನು ಒಪ್ಪಿಕೊಳ್ಳದೆ ಇರಲಾಗಲಿಲ್ಲ.

"ಹತ್ತು ವರ್ಷ ತುಕ್ಕು ಹಿಡಿಯೊಲ್ಲ ಅಂತ ಬರೆದುಕೊಟ್ಟಿದಾರೆ," ಎಂದ ಲೆಸ್ಟರ್. "ಹಿಡಿದ್ರೆ ಕೇಳೋದೇ ತಡ, ಬೇರೆ ಕೊಡ್ತಾರಂತೆ."

"ಅವರು ನಮ್ಮ ಕಡಲಗಾಳಿ ನೋಡಿಲ್ಲ," ಎಂದೆ ನಾನು.

ಅಂದೇ ಅವನು ಉಕ್ಕು ಉಜ್ಜುವ ಅರವನ್ನು ತೆಗೆದುಕೊಂಡು ಮುಚ್ಚಳದ ಅಂಚಿಗೆ ತನ್ನ ಗುರುತು ಹಾಕಿದ. ನಮ್ಮ ದೋಣಿಗಳಲ್ಲಿ ಪ್ರತಿಯೊಬ್ಬನೂ ತಾನು ಹಿಡಿದ ಮೀನಿನ ಬಾಲಕ್ಕೆ ಚೂರಿಯಿಂದ ತನ್ನದೇ ಗುರುತು ಕೊಯ್ಯುತ್ತಾನೆ. ದಡಕ್ಕೆ ಬಂದಾಗ ರಾಶಿಯಲ್ಲಿ ಯಾರ ಮೀನು ಯಾವುದೆಂದು ಜಗಳ ಬರುವುದಿಲ್ಲ. ನನ್ನ ಅಪ್ಪನದು ಒಂದು ಕಚ್ಚು, ನನ್ನದು ಎರಡು. ಲೆಸ್ಟರ್ ಹದಿನೇಳನೆಯ ವಯಸ್ಸಿನಲ್ಲಿ ಮೊದಲು ದೋಣಿ ಹತ್ತಿದಾಗ ನನ್ನ ಎರಡರ ಪಕ್ಕದಲ್ಲಿ, ಬೆರಳಗಲ ಜಾಗ ಬಿಟ್ಟು, ತನ್ನದೊಂದು ಸೇರಿಸಿದ. ಎರಡು, ಅಂತರ, ಒಂದು. ಅವನು ತನ್ನ ಸ್ವಂತದ್ದೆಂದು ತಿಳಿದ ವಸ್ತುವಿಗೆಲ್ಲ ಅದನ್ನೇ ಹಾಕುತ್ತಿದ್ದ. ಆದರೆ ಮೀನು ತಿಂದು ಮುಗಿಯುತ್ತದೆ. ಅವನ ಮೀನಿನ ಪೆಟ್ಟಿಗೆ, ಚೂರಿ, ಗಾಳದ ಹಲಗೆ ಎಲ್ಲವೂ ದೋಣಿಯ ಜೊತೆಗೇ ಹೋದವು.

ಈ ವರ್ಷ ಜೂನಿನಲ್ಲಿ ನಮ್ಮ ಕಡೆಯ ಚಳಿಗಾಲ ಬಂದಾಗ ಮುಚ್ಚಳದ ಅಂಚಿನಲ್ಲಿ ತುಕ್ಕು ಕಾಣಿಸಿತು. ಬೇರೆಲ್ಲೂ ಅಲ್ಲ, ಆ ಮೂರು ಕಚ್ಚುಗಳಲ್ಲಿ. ಲೆಸ್ಟರ್ ಚಿತ್ರ ತೆಗೆದು ಕಂಪನಿಗೆ ಕಳಿಸಿದ.

"ನೀನು ಅರ ಹಾಕಿದ ಕಡೆಯೇ ಬಂದಿದೆ. ಅದನ್ನೂ ಅವರಿಗೆ ಹೇಳು," ಎಂದೆ.

"ಕೇಳಿದ್ರೆ ಹೇಳ್ತೀನಪ್ಪ."

ಅವರು ಕೇಳಲಿಲ್ಲ. ಆ ಮಂಗಳವಾರಕ್ಕೆ ಹಿಂದಿನ ಶನಿವಾರ ಕಂಪನಿಯ ವ್ಯಾನು ಬಂದು ಮುಚ್ಚಳ ಒಯ್ದಿತು. ಭಾನುವಾರ ಪೂಜೆ ಮುಗಿಸಿ ಅವನು ದೋಣಿ ಹತ್ತಿದ.

ಹೆಣವಾಗಿ ಸಿಕ್ಕ ಇಬ್ಬರನ್ನು ಸುದ್ದಿ ಬಂದ ವಾರದ ಶನಿವಾರ ಮಣ್ಣು ಮಾಡಿದೆವು. ಶಿಲುಬೆ ಹಿಡಿದು ಮುಂದೆ ನಡೆದವನು ನಾನೇ, ಏಕೆಂದರೆ ದೇವಾಲಯದ ಆ ಕೆಲಸ ಇಪ್ಪತ್ತು ವರ್ಷದಿಂದ ನನ್ನದು. ನಮ್ಮ ಪಾಲಿಗೆ ಮಣ್ಣು ಮಾಡಲು ಏನೂ ಇರಲಿಲ್ಲ. ಪೊಲೀಸ್ ಠಾಣೆಯಲ್ಲಿ ಒಬ್ಬ ಮರ್ಯಾದೆಯ ಮನುಷ್ಯ ನನ್ನನ್ನು ಕೂರಿಸಿ ಹೇಳಿದ: ಹೆಣ ಸಿಗದೆ ಮರಣಪತ್ರ ಕೊಡುವಂತಿಲ್ಲ, ಅದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು, ತುಂಬ ದಿನ ಹಿಡಿಯುತ್ತದೆ. ಕಾಗದದ ಮೇಲೆ ನನ್ನ ಮಗ ಸತ್ತೂ ಇರಲಿಲ್ಲ, ಬದುಕಿಯೂ ಇರಲಿಲ್ಲ.

ಕಡಲು ದೇಹವನ್ನು ಹಿಂದಿರುಗಿಸದಿದ್ದರೆ ಬಲಿಪೀಠದ ಮುಂದೆ ಅವನ ಗುರುತಿರುವ ವಸ್ತುವೊಂದನ್ನು ಇಟ್ಟು, ಅದಕ್ಕೇ ತೀರ್ಥ ಚಿಮುಕಿಸಿ ಪೂಜೆ ಮಾಡಿಸುವುದು ನಮ್ಮ ಹಿರಿಯರಿಂದ ಬಂದದ್ದು. ಕಡಲಲ್ಲೇ ಹೋದ ನನ್ನ ಅಜ್ಜನ ಪಾಲಿಗೆ ದೋಣಿಯ ಹುಟ್ಟೊಂದು ಉಳಿದಿತ್ತು. ವೆರೋನಿಕಾ ಪೂಜೆಯ ಮಾತನ್ನೇ ಎತ್ತಗೊಡಲಿಲ್ಲ. ಊಟಕ್ಕೆ ಮೂರು ತಟ್ಟೆ ಇಡುತ್ತಿದ್ದಳು. ನಾನೂ ಏನೂ ಹೇಳುತ್ತಿರಲಿಲ್ಲ. ನನ್ನ ಬಾಯಿಂದ ಆ ಮಾತು ಹೊರಟರೆ ನಾನೇ ಅವನ ತಲೆಯ ಮೇಲೆ ಕೈಯಿಟ್ಟು ನೀರಿನೊಳಗೆ ಒತ್ತಿದಂತೆ ಆಗುತ್ತದೆಂದು ಭಯವಾಗುತ್ತಿತ್ತು.

ಆ ಶನಿವಾರ ಕಳೆದು ಸೋಮವಾರ ಹೊಸ ಮುಚ್ಚಳ ಬಂದಿತು. ಚೆನ್ನಾಗಿ ಕಟ್ಟಿದ ಪೆಟ್ಟಿಗೆ, ಮೇಲೆ ಅವನ ಹೆಸರು, ಒಳಗೆ ತೊಂದರೆಗೆ ಕ್ಷಮೆ ಕೇಳುವ ಒಂದು ಚೀಟಿ. ವೆರೋನಿಕಾ ಅಡಿಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು, ಕಣ್ಣು ಮುಚ್ಚಿ, ಅಂಚಿನ ಸುತ್ತ ಬೆರಳು ಆಡಿಸಿದಳು. ಒಂದು ಸುತ್ತು ಮುಗಿಯಿತು. ಇನ್ನೊಂದು ಸುತ್ತು ಆಡಿಸಿದಳು.

"ಇದರಲ್ಲಿ ಅವನಿಲ್ಲ," ಎಂದಳು. "ಅವನು ಕೊರೆದದ್ದೆಲ್ಲಿ?"

"ಅದು ಕಂಪನಿಯವರ ಹತ್ರ ಇದೆ."

"ತರ್ಸು."

"ವೆರಾ, ಅದು..."

"ಅದೊಂದು ನನ್ನ ಕೈಗೆ ಬರಲಿ, ಆಂಬ್ರೋಸ್. ಬಂದ ಮೇಲೆ ನೀನು ಹೇಳಿದ ಹಾಗೆ ಮಾಡ್ತೀನಿ. ಪೂಜೆ ಅಂದ್ರೆ ಪೂಜೆ. ಬರಿಗೈಲಿ ಮಾತ್ರ ನಾನು ಅವನನ್ನ ಕಳಿಸಿಕೊಡೊಲ್ಲ."

ಗುಜರಿಗೆ ಹಾಕಲು 'ಸರಿ' ಎಂದವನು ನಾನೇ ಎಂದು ಅವಳಿಗೆ ಹೇಳಲಾಗಲಿಲ್ಲ.

ಕಂಪನಿಗೆ ಫೋನು ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಯಂತ್ರ ಹೇಳಿತು. ಸಂಗೀತ ನುಡಿಯಿತು. ಕೊನೆಗೆ ಅದೇ ಹುಡುಗಿ ಬಂದಳು. ಅವಳ ಹೆಸರು ನೊಸಿಫೊ.

"ಹಳೇ ಮುಚ್ಚಳ ವಾಪಸ್ ಬೇಕಾ?" ಎಂದು ಆಶ್ಚರ್ಯಪಟ್ಟಳು. "ಹಾಗೆ ಯಾರೂ ಕೇಳಿದ್ದೇ ಇಲ್ಲ. ಹೊಸದರಲ್ಲಿ ಏನಾದರೂ ದೋಷ ಇದೆಯಾ?"

"ಹೊಸದು ಚೆನ್ನಾಗಿದೆಯಮ್ಮ. ನಾನು ಲೆಸ್ಟರನ ಅಪ್ಪ, ಹಳೇದು ಬೇಕು."

"ಖರೀದಿ ಲೆಸ್ಟರ್ ಫ್ಲೋರೆಸ್ ಅವರ ಹೆಸರಲ್ಲಿದೆ. ಅವರೇ ಹೇಳಬೇಕು. ಒಂದು ನಿಮಿಷ ಅವರಿಗೆ ಫೋನ್ ಕೊಡ್ತೀರಾ?"

"ಅವನು... ಕಡಲಿಗೆ ಹೋಗಿದಾನೆ."

"ಯಾವಾಗ ಬರ್ತಾರೆ?"

ನಾನು ಕಿಟಕಿಯಾಚೆ ಬಂದರಿನ ಬಾಯಿಯನ್ನು ನೋಡಿದೆ. ಅವಳು ಕಾದಳು. "ಬಂದ ಮೇಲೆ ಅವರಿಂದ ಫೋನ್ ಮಾಡಿಸಿ, ಪರವಾಗಿಲ್ಲ," ಎಂದು ಮೃದುವಾಗಿಯೇ ಹೇಳಿದಳು. "ಗುಜರಿ ಲಾರಿ ಶುಕ್ರವಾರ ಬರುತ್ತೆ, ಅಷ್ಟರೊಳಗೆ ಮಾಡಿಸಿ."

ಸಂಜೆ ಬಂದರಿನ ಗೋಡೆಯ ಮೇಲೆ ಕುಳಿತು ಸ್ಟಾನ್ಲಿಗೆ ಎಲ್ಲವನ್ನೂ ಹೇಳಿದೆ.

"ಇದಕ್ಕೆ ಯಾಕೆ ತಲೆ ಕೆಡಿಸ್ಕೋತೀಯ," ಎಂದ. "ನಾನೇ ಲೆಸ್ಟರ್ ಅಂತ ಹೇಳು. ನಿನ್ನ ದನಿ ಕೇಳಿ ನಾನೇ ಎಷ್ಟು ಸಲ ಮೋಸ ಹೋಗಿದೀನಿ. ಪೂಜೆ ಗಂಟೆ ಹೊಡೆಯೋನು ಸುಳ್ಳು ಹೇಳೊಲ್ಲ ಅಂತ ಅವಳಿಗೇನು ಗೊತ್ತು?"

"ದೇವರಿಗೆ ಗೊತ್ತಲ್ಲ."

"ದೇವರು ಮೊದಲು ನಿನಗೆ ಲೆಕ್ಕ ಕೊಡ್ಲಿ. ಆಮೇಲೆ ನಿನ್ನ ಹತ್ರ ಕೇಳ್ಲಿ."

ಅಂಥ ಮಾತಿಗೆ ನಾನು ಬೇರೆ ದಿನವಾಗಿದ್ದರೆ ಎದ್ದುಹೋಗುತ್ತಿದ್ದೆ. ಅಂದು ಎದ್ದು ಹೋಗಲಿಲ್ಲ. ಬುಧವಾರ ಬೆಳಗ್ಗೆ ಮತ್ತೆ ಫೋನು ಮಾಡಿ, "ನಾನು ಲೆಸ್ಟರ್ ಫ್ಲೋರೆಸ್," ಎಂದೆ.

ಹುಟ್ಟಿದ ದಿನ ಕೇಳಿದಳು, ಹೇಳಿದೆ. ಆ ದಿನವನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು. ವಿಳಾಸ ಕೇಳಿದಳು, ಹೇಳಿದೆ. ಅವಳು ಟೈಪು ಮಾಡುವ ಸದ್ದು ಕೇಳುತ್ತಿತ್ತು.

"ಸರ್, ಕಾರಣ ಅಂತ ಒಂದು ಕಡೆ ಬರೀಬೇಕು. ಹಳೇ ಮುಚ್ಚಳ ನಿಮಗೆ ಯಾಕೆ?"

"ಅಪ್ಪನಿಗೆ ಬೇಕಂತೆ," ಎಂದೆ.

ಅವನ ಹೆಸರಿನಲ್ಲಿ, ಅವನ ದನಿಯಲ್ಲಿ, ಅವನಂತೆಯೇ ಸ್ವಲ್ಪ ಉದಾಸೀನವಾಗಿ ನಾನು ಆ ಮಾತನ್ನಾಡಿದೆ. ಅಷ್ಟೇ. ಮುಂದೆ ಗಂಟಲಿನಿಂದ ಏನು ಬಂದಿತೋ ನನಗೆ ತಿಳಿಯದು, ಅದು ಮಾತಂತೂ ಅಲ್ಲ. ಫೋನು ಕೆಳಗೆ ಬಿದ್ದಿತು. ಪಕ್ಕದ ಕೋಣೆಯಿಂದ ವೆರೋನಿಕಾ, "ಲೆಸ್ಟರ್?" ಎಂದು ಕೂಗಿದಳು. ಅವನೇ ಮಾತನಾಡುತ್ತಿದ್ದಾನೆಂದು ತಿಳಿದಿದ್ದಳು. ಅವಳು ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ.

ಆ ಮಧ್ಯಾಹ್ನ ಫಾದರ್ ಡಾಲ್ಟನ್ ಅವರಲ್ಲಿ ಪಾಪ ಒಪ್ಪಿಕೊಂಡೆ.

"ಪ್ರಾಯಶ್ಚಿತ್ತ ಅಂತ ನಿನಗೆ ಜಪ ಕೊಡೋದಿಲ್ಲ ಆಂಬ್ರೋಸ್," ಎಂದರು. "ನೀನು ಅದನ್ನ ಸುಲಭವಾಗಿ ಮಾಡ್ತೀಯ. ಆ ಹುಡುಗಿಗೆ ಸುಳ್ಳು ಹೇಳಿದೀಯ. ಅವಳ ಮುಂದೆ ಹೋಗಿ ನಿಂತು ನಿಜ ಹೇಳು."

ಗುರುವಾರ ಶೀತಗಾಳಿ. ರೈಲಿನಲ್ಲಿ ಸಾಲ್ಟ್ ರಿವರ್‌ವರೆಗೆ ಹೋಗಿ, ಅಲ್ಲಿಂದ ವ್ಯಾನಿನಂಥ ಟ್ಯಾಕ್ಸಿಯಲ್ಲಿ ಹದಿನೈದು ಜನರ ನಡುವೆ ಒತ್ತಿ ಕುಳಿತು, ಗೋದಾಮುಗಳ ಬಡಾವಣೆಯಲ್ಲಿ ಇಳಿದೆ. ಪೂಜೆಗೆ ಹೋಗುವ ಕೋಟು ಹಾಕಿಕೊಂಡಿದ್ದೆ. ಕಂಪನಿಯ ಮುಂಭಾಗದಲ್ಲಿ ಒಲೆಗಳು ಸಾಲಾಗಿ ನಿಂತಿದ್ದವು, ಎಲ್ಲವೂ ಲೆಸ್ಟರನದರಂತೆಯೇ ಕರಿಯವು, ದುಂಡನೆಯವು, ಒಂದಕ್ಕೂ ಗುರುತಿಲ್ಲ.

ಹೆಸರು ಹೇಳಿ ಕೇಳಿದಾಗ ಹಿಂದಿನ ಕೋಣೆಯಿಂದ ನೊಸಿಫೊ ಬಂದಳು. ಕಿವಿಯ ಮೇಲಿನ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಿದ್ದ ಸಣ್ಣ ಪ್ರಾಯದ ಹುಡುಗಿ.

"ಏನಾಗಬೇಕಿತ್ತು ತಾತಾ?"

ನಾನು ಬಾಯಿ ತೆರೆದ ಕೂಡಲೆ ಅವಳ ಮುಖ ಬದಲಾಯಿತು. ದನಿ ಗುರುತು ಹಿಡಿದಿದ್ದಳು.

"ನಿನ್ನೆ ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?"

"ಹೌದಮ್ಮ. ಲೆಸ್ಟರ್ ಅಂತ ಹೇಳಿದ್ದು ಸುಳ್ಳು. ನಾನು ಅವನ ಅಪ್ಪ. ಮೊದಲ ದಿನ ಸರಿ ಅಂದವನೂ ನಾನೇ."

"ಹಾಗಾದ್ರೆ ಅವರೆಲ್ಲಿ?"

ಅಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಇಕ್ಕಳ ಕೊಳ್ಳುತ್ತಿದ್ದ. ನಾನು ನಮ್ಮಿಬ್ಬರ ನಡುವಿನ ಕೌಂಟರಿನ ಹಲಗೆಯ ಅಂಚನ್ನು ಹಿಡಿದುಕೊಂಡೆ.

"ನನ್ನ ಮಗ ಸತ್ತಿದಾನೆ," ಎಂದೆ. "ಹೋದ ವಾರ ದೋಣಿ ಮುಳುಗ್ತು. ದೇಹ ಸಿಕ್ಕಿಲ್ಲ, ಅದಕ್ಕೆ ನನ್ನ ಹತ್ರ ಕಾಗದ ಇಲ್ಲ. ನೀವು ಕಾಗದ ಕೇಳಿದ್ರೆ ಕೊಡೋಕೆ ಇಲ್ಲ, ಅವನನ್ನ ಕೇಳಿದ್ರೆ ಕರ್ಕೊಂಡು ಬರೋಕೆ ಆಗೊಲ್ಲ. ಅವನು ಸತ್ತ ಅಂತ ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ಇಕ್ಕಳ ಕೊಳ್ಳುತ್ತಿದ್ದವನು ಅದನ್ನು ಸದ್ದಾಗದಂತೆ ಕೆಳಗಿಟ್ಟ.

ನೊಸಿಫೊ ಹಲಗೆಯ ಈಚೆಗೆ ಬಂದು ನನಗೆ ಕುರ್ಚಿ ಕೊಟ್ಟಳು. ಮುಚ್ಚಳದ ಅಂಚಿನ ಗುರುತಿನ ವಿಷಯ ಕೇಳಿ ತಿಳಿದುಕೊಂಡು, ಯಾವ ನಿಯಮವನ್ನೂ ಹೇಳದೆ ಗೋದಾಮಿನ ಕಡೆಗೆ ಓಡಿದಳು. ಬಹಳ ಹೊತ್ತಾಯಿತು. ಬರುವಾಗ ಅವಳು ಓಡುತ್ತಿರಲಿಲ್ಲ.

"ತಾತಾ, ಲಾರಿ ನಾಳೆ ಬರಬೇಕಿತ್ತು. ಇವತ್ತು ಬೆಳಗ್ಗೆಯೇ ಬಂದು ಹೋಗಿದೆ."

"ಎಲ್ಲಿಗೆ? ನಾನು ಅಲ್ಲಿಗೇ ಹೋಗ್ತೀನಿ. ವಿಳಾಸ ಕೊಡು."

"ಫೋನ್ ಮಾಡಿ ಕೇಳಿದೆ. ಇಳಿಸಿದ ತಕ್ಷಣ ಯಂತ್ರಕ್ಕೆ ಹಾಕ್ತಾರಂತೆ. ಎಲ್ಲಾ ಮುಗಿದಿದೆ."

ಎದ್ದು ಹೊರಗೆ ಬಂದೆ. ಲಾರಿ ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಕರಿಯ ಲೇಪದ ಚೂರುಗಳು ಬಿದ್ದಿದ್ದವು. ಕೋಟು ಹಾಕಿಕೊಂಡೇ ಮೊಣಕಾಲೂರಿ ಅವುಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ನಾನೇನು ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಕರ್ತನೇ, ನೀನು ಅವನನ್ನು ಕಡಲಿಗೆ ಕೊಟ್ಟೆ, ಇಷ್ಟನ್ನಾದರೂ ಬಿಡಬಾರದಿತ್ತೇ ಎಂದು ಬಾಯಿಬಿಟ್ಟು ಕೇಳಿದೆ. ಎಪ್ಪತ್ತೆರಡು ವರ್ಷದಲ್ಲಿ ದೇವರೊಡನೆ ಆ ದನಿಯಲ್ಲಿ ನಾನು ಮಾತನಾಡಿರಲಿಲ್ಲ.

ಯಾರೋ ನನ್ನ ಹಿಂದೆ ಬಂದು ನಿಂತರು. ನೊಸಿಫೊ, ಅವಳ ಜೊತೆ ಕನ್ನಡಕ ಹಾಕಿದ ಒಬ್ಬ ಬಿಳಿಯ ಮುದುಕ. ಹಿಂದಿರುಗಿ ಬಂದ ವಸ್ತುಗಳು ಕೆಟ್ಟದ್ದು ಏಕೆಂದು ಪರೀಕ್ಷಿಸುವ ಫಿಲ್ಯೂನ್ ಅವನು.

"ಎರಡು ಕಚ್ಚು, ಸ್ವಲ್ಪ ಅಂತರ, ಒಂದು ಕಚ್ಚು. ಅದಾ?" ಎಂದು ಅವನು ಕೇಳಿದ.

"ಅದೇ."

"ನಮ್ಮ ಲೇಪ ಯಾಕೆ ಬಿಟ್ಟಿತು ಅಂತ ನನಗೆ ಗೊತ್ತಾಗಬೇಕಿತ್ತು. ಒಂಬತ್ತು ವರ್ಷದಲ್ಲಿ ಅಂಚಿಗೆ ತುಕ್ಕು ಬಂದಿದ್ದು ಅದೊಂದೇ. ಅಷ್ಟು ಭಾಗ ಕತ್ತರಿಸಿ ಇಟ್ಕೊಂಡಿದ್ದೆ." ಜೇಬಿನಿಂದ ಅಂಗೈ ಅಗಲದ ಉಕ್ಕಿನ ತುಂಡೊಂದನ್ನು ತೆಗೆದ. ಅದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. "ಅರದಲ್ಲಿ ಕೊರೆದದ್ದು ಅಂತ ಆಮೇಲೆ ಕಂಡುಬಂತು. ವಾರಂಟಿ ಆಗಲೇ ಒಪ್ಪಿಬಿಟ್ಟಿದ್ರು, ನಾನು ಸುಮ್ಮನಾದೆ. ಇಂಥ ಲೇಪವನ್ನ ಯಾರಾದ್ರೂ ಕೊರೀತಾರೇನ್ರೀ? ತುಕ್ಕು ಹಿಡಿಯದೆ ಇನ್ನೇನಾಗುತ್ತೆ?"

"ಅವನಿಗೆ ಗೊತ್ತಿರಲಿಲ್ಲ ಸ್ವಾಮಿ," ಎಂದೆ. "ಅವನು ಗುರುತು ಹಾಕ್ತಿದ್ದದ್ದು ಮೀನಿಗೆ. ಮೀನಿಗೆ ತುಕ್ಕು ಹಿಡಿಯೊಲ್ಲ."

ಫಿಲ್ಯೂನ್ ಕನ್ನಡಕ ತೆಗೆದು ಒರೆಸಿಕೊಂಡ. ಚೀಟಿಯಲ್ಲಿ 'ತಯಾರಿಕೆಯ ದೋಷವಲ್ಲ' ಎಂದು ಬರೆದಿತ್ತು. ಅದನ್ನು ಹರಿಯಲು ಹೋದ. ಇರಲಿ ಬಿಡಿ ಎಂದೆ. ಅದು ನಿಜವಾಗಿತ್ತು, ಮತ್ತು ಲೆಸ್ಟರ್ ಹೇಳದೆ ಉಳಿಸಿದ ಮಾತನ್ನು ಅದು ಅವನ ಪರವಾಗಿ ಹೇಳಿ ಮುಗಿಸಿತ್ತು.

ನೊಸಿಫೊ ಟ್ಯಾಕ್ಸಿಯವರೆಗೆ ನನ್ನ ತೋಳು ಹಿಡಿದು ಬಂದಳು. ಕಾರಣ ಬರೆಯಬೇಕಾದ ಕಡೆ ಏನು ಬರೆಯುತ್ತೀಯೆಂದು ಕೇಳಿದೆ. "ಅಪ್ಪನಿಗೆ ಬೇಕಂತೆ," ಎಂದಳು.

ಮನೆಗೆ ಬಂದು ತುಂಡನ್ನು ವೆರೋನಿಕಾಳ ಮಡಿಲಲ್ಲಿಟ್ಟೆ. ಅವಳು ನೋಡಲಿಲ್ಲ, ಬೆರಳಿನಿಂದ ಓದಿದಳು. ಎರಡರ ಮೇಲೆ ಬೆರಳು ನಿಂತಿತು. ಅಂತರವನ್ನು ದಾಟಲು ಬಹಳ ಹೊತ್ತು ತೆಗೆದುಕೊಂಡಳು. ಒಂದನ್ನು ಮುಟ್ಟಿದಳು.

"ಮುಚ್ಚಳ ಹೋಯ್ತು ವೆರಾ. ಇಷ್ಟೇ ಉಳಿದಿರೋದು. ಗುಜರಿಗೆ ಹಾಕಿ ಅಂತ ಹೇಳಿದ್ದು ನಾನೇ."

"ಗೊತ್ತು. ಅವತ್ತು ಕಿಟಕಿ ಹತ್ರ ಕೂತು ಫೋನಲ್ಲಿ ಆ ಹುಡುಗಿ ಹೇಳಿದ್ದು, ನೀನು ಸರಿ ಅಂದದ್ದು ಎರಡೂ ಕೇಳಿಸ್ಕೊಂಡೆ."

"ಅವನು ಸತ್ತಿದಾನೆ ವೆರಾ."

"ಫಾದರ್‌ಗೆ ಶನಿವಾರ ಅಂತ ಹೇಳು," ಎಂದಳು. ಆಮೇಲೆ ಎದ್ದು ಮೇಜಿನ ಮೇಲಿನ ಮೂರು ತಟ್ಟೆಗಳಲ್ಲಿ ಒಂದನ್ನು ತೆಗೆದು, ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು, ಕಪಾಟಿಗೆ ಹಣೆ ಹಚ್ಚಿ ಅತ್ತಳು. ಹತ್ತು ದಿನದ ಅಳು.

ಶನಿವಾರ ಬಲಿಪೀಠದ ಮುಂದೆ ಬಿಳಿಯ ಬಟ್ಟೆಯ ಮೇಲೆ ಆ ಉಕ್ಕಿನ ತುಂಡನ್ನು ಇಟ್ಟೆವು. ಚೀಟಿಯೂ ಇತ್ತು. ಸ್ಟಾನ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ಮೊದಲ ಸಾಲಿನಲ್ಲಿ ನಿಂತಿದ್ದ. ಫಾದರ್ ತೀರ್ಥ ಚಿಮುಕಿಸಿದಾಗ ಹನಿಗಳು ಮೂರು ಕಚ್ಚುಗಳಲ್ಲಿ ನಿಂತವು. ತುಕ್ಕು ಹಿಡಿಯುತ್ತದೆಂದು ನನ್ನ ಕೈ ತಾನಾಗಿ ಒರೆಸಲು ಮುಂದಾಯಿತು. ವೆರೋನಿಕಾ ಆ ಕೈಯನ್ನು ಹಿಡಿದುಕೊಂಡಳು. ಕೊನೆಯ ಪ್ರಾರ್ಥನೆ ಹೇಳಲು ಫಾದರ್ ನನಗೆ ಬಿಟ್ಟುಕೊಟ್ಟರು.

ಕರ್ತನೇ, ನಾವು ಮಣ್ಣಿಗೆ ಕೊಡಲಾಗದ ನಮ್ಮ ಮಗನನ್ನು ನಿನಗೆ ಕೊಡುತ್ತೇವೆ. ಅವನು ಎಲ್ಲಿದ್ದಾನೆಂದು ನಮಗೆ ತಿಳಿಯದು, ನಿನಗೆ ತಿಳಿದಿದೆ. ನೀನು ದಡದ ಮೇಲೆ ಕೆಂಡ ಹೊತ್ತಿಸಿ ನಿನ್ನ ಶಿಷ್ಯರಾದ ಬೆಸ್ತರಿಗಾಗಿ ಕಾದವನು. ಚಳಿಯಲ್ಲಿ ನೆನೆದು ಬರುವ ಇವನನ್ನೂ ಬೆಂಕಿಯ ಬಳಿಗೆ ಕರೆದು ಕೂರಿಸಿಕೋ. ಅವನ ಗುರುತು ಎರಡು ಕಚ್ಚು, ಅಂತರ, ಒಂದು ಕಚ್ಚು. ನಿನ್ನ ರಾಶಿಯಲ್ಲಿ ಅವನು ಬೇರೆಯವರ ಪಾಲಾಗದಿರಲಿ. ಅವನ ತಪ್ಪುಗಳನ್ನು ಮನ್ನಿಸು, ಅವನ ದನಿಯನ್ನು ಕದ್ದ ನನ್ನನ್ನೂ ಮನ್ನಿಸು. ಲೆಸ್ಟರನ ಆತ್ಮಕ್ಕೆ ಅಲೆಯಿಲ್ಲದ ನೆಲೆಯನ್ನು ಕೊಡು, ನಿನ್ನ ಬೆಳಕು ಅವನ ಮೇಲೆ ಆರದಿರಲಿ, ಅವನು ಶಾಂತಿಯಲ್ಲಿ ಮಲಗಲಿ. ಆಮೆನ್.